ಮನೆಯವರ ದನಿ

ಹಿಂದೆ ಸೋತುಹೋದವರನ್ನೇ ಮರಳಿ ಕರೆತಂದಿದ್ದ ಮಿಮಿಕ್ರಿ ಸ್ಪರ್ಧೆಯ ಕೊನೆಯ ಸುತ್ತು ಟೀವಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಉಳಿದವರು ಇಬ್ಬರೇ, ಮರಿಯಪ್ಪ ಮತ್ತು ನಂಜುಂಡಿ. ಗೆದ್ದವನಿಗೆ ಇಪ್ಪತ್ತು ಲಕ್ಷ. ಬಾಡಿಗೆ ಮನೆಗಳಲ್ಲೇ ಸವೆದ ಮರಿಯಪ್ಪನಿಗೆ ಅದು ಸ್ವಂತದ್ದೊಂದು ಸೂರು. ಮೂರನೆಯ ಸಲ ತನ್ನನ್ನು ಯಾರೂ ಕರೆಯಲಾರರೆಂಬುದೂ ಅವನಿಗೆ ಗೊತ್ತಿತ್ತು.

ಮನೆಯವರೊಬ್ಬರ ದನಿಯನ್ನು ಅನುಕರಿಸಬೇಕಿತ್ತು. ನಂಜುಂಡಿ ತನ್ನ ಅಪ್ಪನ ಕೆಮ್ಮು, ಬೈಗುಳಗಳಿಂದ ಸಭೆಯನ್ನು ನಗಿಸಿದ.

"ಮರಿಯಪ್ಪನವರೇ, ಹೆಂಡತಿ ದನಿ ಮಾಡೋದ್ರಲ್ಲಿ ನಿಮ್ಮದು ಎತ್ತಿದ ಕೈಯಂತೆ! ಬರ್ಲಿ ನೋಡೋಣ," ಎಂದರು ತೀರ್ಪುಗಾರರು.

ಮರಿಯಪ್ಪ ಮೈಕನ್ನು ಬಾಯಿಯ ಬಳಿಗೊಯ್ದ. ಎದುರಿನ ಕ್ಯಾಮೆರಾವನ್ನು ಒಂದು ಕ್ಷಣ ದಿಟ್ಟಿಸಿದ.

"ಅದು ನಂಗೆ ಬರಲ್ಲ ಸಾರ್," ಎಂದು ಕೈಮುಗಿದು ಕೆಳಗಿಳಿದ.

ಬಹುಮಾನ ನಂಜುಂಡಿಯ ಪಾಲಾಯಿತು. ಕೊರಳ ಹಾರವನ್ನೂ ತೆಗೆಯದೆ ಅವನು ಬಣ್ಣದ ಕೋಣೆಗೆ ಓಡಿಬಂದ.

"ಏನಣ್ಣಾ ಇದು, ಬಾಯಿಗೆ ಬಂದ ತುತ್ತನ್ನ ನನ್ನ ತಟ್ಟೆಗೆ ಹಾಕ್ಬಿಟ್ಟೆ! ಅತ್ತಿಗೆ ಎದುರಿಗೇ ಅವ್ರ ಥರ ಮಾತಾಡಿ ಬೈಸ್ಕೋತಿದ್ದೋನು ನೀನು. ಅವ್ರು ತೀರ್ಕೊಂಡು ಮೂರು ತಿಂಗ್ಳಾಯ್ತು, ಇನ್ನೂ ಆ ದನಿ ತೆಗೆಯಕ್ಕಾಗ್ತಿಲ್ವಾ?"

ಅಷ್ಟರಲ್ಲಿ ಮರಿಯಪ್ಪನ ಜೇಬಿನಲ್ಲಿದ್ದ ಹೆಂಡತಿಯ ಫೋನು ಬಡಿದುಕೊಂಡಿತು. ಊರಿನಿಂದ, ಹಾಸಿಗೆ ಹಿಡಿದ ಅತ್ತೆ. ಸುಮ್ಮನಿರೆಂದು ನಂಜುಂಡಿಗೆ ಸನ್ನೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಅವನು ತೀರಿಹೋದವಳ ದನಿಯಲ್ಲಿ ಹೇಳಿದ:

"ಹೂಂ ಕಣವ್ವಾ, ನಾನೂ ಟೀವೀಲಿ ನೋಡ್ದೆ. ಪಾಪ, ನಿನ್ನ ಅಳಿಯಂಗೆ ನನ್ನ ದನಿ ಮಾಡಕ್ಕೇ ಬರಲ್ವಂತೆ."