ಮಂಡಿ ನೋವು

“ಮಂಡಿ ನೋವು ಅಂತ ಸುಳ್ಳು ಬರೆದುಕೊಟ್ಟು ಹೊರಗೆ ಕೂರಬೇಕಾ? ಸತ್ರೂ ಸಹಿ ಹಾಕಲ್ಲ!” ತಂಡದ ಸ್ಟಾರ್ ಬ್ಯಾಟ್ಸ್‌ಮನ್ ಮ್ಯಾನೇಜರ್ ಕೊಟ್ಟ ಪತ್ರವನ್ನು ಮೇಜಿಗೆ ಕುಕ್ಕಿ, ಗುಂಡುಕಲ್ಲಿನಂಥ ಮಂಡಿಯನ್ನು ತಟ್ಟಿ ತೋರಿಸಿದ. “ನನ್ನ ಮೂಲೆಗುಂಪು ಮಾಡೋಕೆ ಈ ನಾಟಕ. ಅರ್ಧ ಗಂಟೇಲಿ ಟಾಸು. ನಾನು ಆಡೇ ಆಡ್ತೀನಿ.”

ಹತ್ತನೇ ವಯಸ್ಸಿನಿಂದ ಅವನನ್ನು ತಿದ್ದಿ ಬೆಳೆಸಿದ ಕೋಚ್, ಕಿಟಕಿಯ ಬಳಿಯಿಂದ ಒಂದು ಚೆಂಡನ್ನು ಮೆಲ್ಲಗೆ ಅವನತ್ತ ಎಸೆದರು. ಸ್ಲಿಪ್‌ನಲ್ಲಿ ಮಿಂಚಿನಂಥ ಕ್ಯಾಚುಗಳನ್ನು ಹಿಡಿದ ಕೈಗಳು ಮೇಲೇಳಲೇ ಇಲ್ಲ. ಚೆಂಡು ಎದೆಗೆ ಬಡಿದು ಕೆಳಗುರುಳಿತು.

“ಮಂಡಿ ಅಂತ ಬರೆಸಿದ್ದು ನಾನೇ ಕಣೋ,” ಅಂದರು ಕೋಚ್. “ಕಣ್ಣು ಅಂತ ಬರೆದ್ರೆ ನಿನ್ನ ಮತ್ತೆ ಯಾರೂ ಕರೆಯಲ್ಲ.”

ಅವನು ಪೆನ್ನು ಎತ್ತಿಕೊಂಡ.

“ಯಾವ ಕಾಲು ಕುಂಟಲಿ, ಸರ್?”