ಇಚಿಲಂಪಾಡಿ ಬಸ್ಸು ಹೊರಡುವ ಸಮಯ

ವಿಧಾನಸಭೆಯ ಪ್ರಶ್ನೆಯೊಂದು ಬೆಂಗಳೂರಿನಿಂದ ಒಂದೊಂದೇ ಕಚೇರಿ ಇಳಿಯುತ್ತಾ ಬಂದು ಬಸ್ ಡಿಪೋದ ಗುಮಾಸ್ತೆ ಮೂಕಾಂಬಿಕಾಳ ಮೇಜಿನ ಮೇಲೆ ಬಿದ್ದಾಗ ಮಧ್ಯಾಹ್ನ ಒಂದೂಕಾಲು. ಎರಡು ಗಂಟೆಯೊಳಗೆ ಉತ್ತರ ಹೋಗಬೇಕು. ಬುತ್ತಿಯ ಮುಚ್ಚಳ ತೆಗೆದಿದ್ದವಳು ಹಾಗೇ ಮುಚ್ಚಿಟ್ಟಳು. ಸಚಿವರು ಸದನಕ್ಕೆ ಕೊಡುವ ಉತ್ತರವನ್ನು ಎಲ್ಲರಿಗಿಂತ ಮೊದಲು ಬರೆಯುವುದು ತಾನೇ ಎಂದರೆ ಅವಳ ಗಂಡ ಈಗಲೂ ನಂಬುವುದಿಲ್ಲ.

ಇಲ್ಲಿಯ ಶಾಸಕರು ಕೇಳಿದ ಪ್ರಶ್ನೆ ಹೀಗಿತ್ತು: ಕಡಬದಿಂದ ಇಚಿಲಂಪಾಡಿ ಕಡೆಗೆ ಹೋಗುವ ಪ್ರೌಢಶಾಲೆಯ ಮಕ್ಕಳಿಗೆ ಸಂಜೆ ಬಸ್ಸಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಸ್ಸು ಇದ್ದಲ್ಲಿ, ಹೊರಡುವ ಸಮಯವೇನು?

ಬಸ್ಸೇನೋ ಇತ್ತು. ವೇಳಾಪಟ್ಟಿ ಪ್ರಕಾರ ಅದು ನಾಲ್ಕು ಹತ್ತಕ್ಕೆ ಹೊರಡಬೇಕು. ಶಾಲೆ ಬಿಡುವುದು ನಾಲ್ಕೂವರೆಗೆ. ಯಾವ ಪುಣ್ಯಾತ್ಮ ಈ ಪಟ್ಟಿ ಮಾಡಿದನೋ. ಆದರೆ ಆ ಬಸ್ಸಿನ ಕಂಡಕ್ಟರ್ ಸಿದ್ದೀಕ್ ಕೊನೆಯ ಮಗು ಹತ್ತುವ ತನಕ, ಅಂದರೆ ನಾಲ್ಕು ಮುಕ್ಕಾಲಿನ ತನಕ, ರೈಟ್ ಹೇಳುವುದೇ ಇಲ್ಲ. ಹೀಗೆ ತಡ ಮಾಡಿದ್ದಕ್ಕೆ ಅವನಿಗೆ ಆಗಲೇ ಎರಡು ಮೆಮೊ ಆಗಿದ್ದವು. ಮೂರನೆಯದು ಸಹಿಗೆ ಕಾದು ಮೇಜಿನ ಮೇಲಿತ್ತು. ಅದೂ ಆದರೆ ಆ ರೂಟಿಗೆ ಬೇರೆಯವರು ಬರುತ್ತಾರೆ, ನಾಲ್ಕು ಹತ್ತಕ್ಕೇ ಹೊರಡುತ್ತಾರೆ, ಮಕ್ಕಳು ನಡೆಯುತ್ತಾರೆ. ಮೂರನ್ನೂ ಟೈಪ್ ಮಾಡಿದವಳು ಮೂಕಾಂಬಿಕಾಳೇ. ಮಾಡುವಾಗೆಲ್ಲ ಸಂಕಟ, ಮಾಡದಿರುವ ಹಾಗೂ ಇಲ್ಲ.

ಎರಡನೇ ಮೆಮೊಗೆ ಸಮಜಾಯಿಷಿ ಕೊಡಲು ಸಿದ್ದೀಕ್ ಅದೇ ಹೊತ್ತಿಗೆ ಬಂದ. ಅವನ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: 'ಮಕ್ಕಳು ಬಂದಿರಲಿಲ್ಲ.'

"ಇಷ್ಟು ಬರೆದ್ರೆ ಸಾಕಾ ಮಾರಾಯ?"

"ಮತ್ತೆ ಎಂತ ಬರೆಯುದು ಅಕ್ಕಾ? ನಡೆದು ಮನೆ ಮುಟ್ಟುವಾಗ ಕತ್ತಲೆ ಆಗ್ತದೆ. ಆನೆ ಬರುವ ದಾರಿ ಬೇರೆ. ನನಗೆ ರೈಟ್ ಹೇಳ್ಲಿಕ್ಕೆ ಬಾಯಿ ಬರುದಿಲ್ಲ."

ಒಳಗಿನಿಂದ ಮ್ಯಾನೇಜರ್ ಮುರಳಿಕೃಷ್ಣ ಕೂಗಿದರು. "ಆಯ್ತಾ ಮೇಡಂ? 'ಸೌಲಭ್ಯ ಕಲ್ಪಿಸಲಾಗಿದೆ' ಅಂತ ಹಾಕಿ ಕಳಿಸಿ."

"ಸಮಯ ಕೇಳಿದ್ದಾರೆ ಸರ್."

"ದಾಖಲೆ ಉಂಟಲ್ಲ, ನೋಡಿ ಹಾಕಿ."

ದಾಖಲೆ ಎರಡಿದ್ದವು. ಗೋಡೆಯ ವೇಳಾಪಟ್ಟಿ ಒಂದು, ಟಿಕೆಟ್ ಯಂತ್ರದ್ದು ಇನ್ನೊಂದು. ಯಂತ್ರದ ಲೆಕ್ಕದಲ್ಲಿ ಆರು ತಿಂಗಳಿಂದ ಹೆಣ್ಣುಮಕ್ಕಳ ಉಚಿತ ಟಿಕೆಟ್ ಹರಿದದ್ದು ಹೆಚ್ಚಾಗಿ ನಾಲ್ಕು ಮುಕ್ಕಾಲಿನ ಆಸುಪಾಸು. ಸಿದ್ದೀಕನನ್ನು ಸಿಕ್ಕಿಸಿ ಹಾಕಿದ್ದೂ ಅದೇ ಯಂತ್ರ. ಇಪ್ಪತ್ತೆರಡು ವರ್ಷ ಪಟ್ಟಿ ನೋಡಿಯೇ ಉತ್ತರ ಬರೆದವಳು ಅಂದು ಯಂತ್ರ ನೋಡಿ ಬರೆದಳು: 'ಬಸ್ಸು ಸಂಜೆ 4.45ಕ್ಕೆ ಹೊರಡುತ್ತಿದೆ.' ಇದ್ದದ್ದನ್ನೇ ಬರೆದದ್ದು, ಆದರೂ ಎರಡೆರಡು ಸಲ ಓದಿ ನೋಡಿದಳು. ಊಟಕ್ಕೆ ಹೊರಟಿದ್ದ ಮುರಳಿಕೃಷ್ಣ ನಿಂತಲ್ಲೇ ಸಹಿ ಹಾಕಿದರು. ಮೂರನೇ ಮೆಮೊವನ್ನು ಅವಳು ಮೆಲ್ಲನೆ ಫೈಲುಗಳ ಅಡಿಗೆ ಸರಿಸಿದಳು.

ಎರಡು ವಾರ ಕಳೆದು, ಸಚಿವರ ಲಿಖಿತ ಉತ್ತರದ ಪ್ರತಿ ಹಿಡಿದು ಮುರಳಿಕೃಷ್ಣ ಅವಳ ಮೇಜಿಗೇ ಬಂದರು. ಜೊತೆಗೆ ಮೇಲಿನ ಕಚೇರಿಯ ಪತ್ರ: ಸದನಕ್ಕೆ ತಿಳಿಸಿದ ಸಮಯಕ್ಕೆ ಬಸ್ಸು ತಪ್ಪದೆ ಹೊರಡುವಂತೆ ನೋಡಿಕೊಳ್ಳುವುದು.

"ಎಂತ ಮೇಡಂ ಇದು? ಸಚಿವರ ಕೈಯಲ್ಲಿ ನಾಲ್ಕು ಮುಕ್ಕಾಲು ಅಂತ ಹೇಳಿಸಿದ್ರಲ್ಲ."

"ಬಸ್ಸು ಹೋಗುದು ಆ ಹೊತ್ತಿಗೇ ಅಲ್ವಾ ಸರ್."

ಮುರಳಿಕೃಷ್ಣ ಪತ್ರವನ್ನು ಇನ್ನೊಮ್ಮೆ ಓದಿದರು. ಕೆಟ್ಟ ಮನುಷ್ಯರಲ್ಲ, ಕಾಗದಕ್ಕೆ ಹೆದರುವವರು ಅಷ್ಟೆ. ಸಚಿವರ ಉತ್ತರ ತಪ್ಪು ಎನ್ನುವ ಹಾಗಿಲ್ಲ. ಸರಿ ಎಂದರೆ ಸಿದ್ದೀಕನಿಗೆ ಕೊಟ್ಟ ಮೆಮೊಗಳು ನಿಲ್ಲುವುದಿಲ್ಲ. ಕೊನೆಗೆ ಪೆನ್ನು ತೆಗೆದು ಎರಡರ ಮೇಲೂ 'ಹಿಂಪಡೆಯಲಾಗಿದೆ' ಎಂದು ಬರೆದು, ಸಿದ್ದೀಕನನ್ನು ಕರೆಸಿದರು.

"ಇನ್ನು ನಾಲ್ಕು ಮುಕ್ಕಾಲಿಗಿಂತ ಒಂದು ನಿಮಿಷ ಮೊದಲು ಬಿಟ್ರೆ ಮೆಮೊ ಕೊಡ್ತೇನೆ, ನೋಡು."

"ಆಯ್ತು ಸರ್." ಸಿದ್ದೀಕ್ ತಲೆ ಕೆರೆದುಕೊಂಡ. "ಶನಿವಾರ ಮಾತ್ರ ಶಾಲೆ ಮಧ್ಯಾಹ್ನವೇ ಬಿಡುದು. ಮಕ್ಕಳು ಅಷ್ಟು ಹೊತ್ತು ಎಂತ ಮಾಡುದು ಸರ್?"

ಬೈಯಲು ಬಾಯಿ ತೆರೆದಿದ್ದ ಮುರಳಿಕೃಷ್ಣ ಕುರ್ಚಿ ಎಳೆದು ಮೂಕಾಂಬಿಕಾಳ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು.

"ಮೇಡಂ, ಆ ಶಾಸಕರ ಕೈಯಲ್ಲಿ ಇನ್ನೊಂದು ಪ್ರಶ್ನೆ ಕೇಳಿಸ್ಲಿಕ್ಕೆ ಆಗ್ತದಾ?"