ಒಂದು ಜೋಡಿ ಸ್ಪೀಕರ್

“ನಿಮ್ಮ ಬಜೆಟ್‌ಗೆ ಒಳ್ಳೇದು ಒಂದೇ ಜೋಡಿ ಸಾರ್. ಕಾರಿನ ಹಿಂದೆ ಯಾರು ಕೂರ್ತಾರೆ?” ತುಡಿಯಲೂರಿನ ಸ್ಪೀಕರ್ ಅಂಗಡಿಯ ನವನೀತನ್ ತಮಿಳಿನಲ್ಲಿ ಕೇಳಿದ.

“ಯಾರುಮಿಲ್ಲೈ. ಮುಂದೇನೇ ಹಾಕು,” ಎಂದ ರಾಮಪ್ರಸಾದ್.

ಕಾರಿನ ಹಿಂದಿನ ಸೀಟಿನಲ್ಲೇ ಕೂತಿದ್ದ ಅವನ ಹೆಂಡತಿ ಸುಮೇಧಾಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಮಂಡಿನೋವಿನ ಅತ್ತೆ ಮುಂದೆ, ಸೊಸೆ ಹಿಂದೆ ಎಂಬುದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ಇವತ್ತು ಅತ್ತೆ ಬಂದಿರಲಿಲ್ಲ. ಆದರೂ ಅವಳು ಹಿಂದೆಯೇ ಹತ್ತಿದ್ದಳು.

ನವನೀತನ್ ಮುಂದಿನ ಬಾಗಿಲಿಗೆ ಹೊಸ ಸ್ಪೀಕರ್ ತಾತ್ಕಾಲಿಕವಾಗಿ ಜೋಡಿಸಿ ಹಾಡು ಹಚ್ಚಿದ.

“ಸುಮೀ, ಮುಂದೆ ಬಂದು ಕೇಳೇ, ಸೂಪರಾಗಿದೆ!” ಎಂದ ರಾಮಪ್ರಸಾದ್ ಡ್ರೈವರ್ ಸೀಟಿನಿಂದ.

“ನಾನು ದಿನಾ ಕೇಳ್ಬೇಕಾದ್ದು ಇಲ್ಲಿಂದ ತಾನೆ? ನೀವೇ ಇಲ್ಲಿ ಬಂದು ಕೇಳಿ.”

“ಇದೊಳ್ಳೆ ಕಥೆಯಾಯ್ತಲ್ಲ,” ಎಂದು ನಗುತ್ತಾ ಅವನು ತರಕಾರಿ ಚೀಲ ಸರಿಸಿ ಪಕ್ಕದಲ್ಲಿ ಕೂತ. ಏಸಿಯ ಸದ್ದಿನಲ್ಲಿ ಹಾಡಿನ ಮಾತುಗಳೇ ಕೇಳಿಸಲಿಲ್ಲ. ಅವನು ಮುಂದಿನ ಎರಡು ಸೀಟುಗಳ ನಡುವೆ ಕತ್ತು ಚಾಚಿದ. ತಾಯಿ ಮಗ ಮಾತಾಡುವಾಗ ಸುಮೇಧಾ ಕತ್ತು ಚಾಚುತ್ತಿದ್ದದ್ದು ಹೀಗೆಯೇ.

ಅವನ ನಗು ನಿಂತಿತು. ಕತ್ತನ್ನು ಹಿಂದಕ್ಕೆ ತೆಗೆದುಕೊಳ್ಳದೆಯೇ ಹೇಳಿದ: “ನವನೀತಾ, ಬಿಚ್ಚಪ್ಪಾ. ಹಿಂದೆ ಹಾಕು.”